ಕಾರಿನ ಮಜಾ ಕಸಿದದ್ದು ಹೊಗೆ ನಿಯಮವೇ?

ಕಾರಿನ ಹುಚ್ಚು ಹಿಡಿದ ನಾಲ್ಕು ಜನ ಸೇರಿದರೆ ಒಂದು ದೂರು ಬಂದೇ ಬರುತ್ತದೆ. ಹೊಗೆ ನಿಯಮ ಬಂದ ಮೇಲೆ ಕಾರು ಓಡಿಸುವ ಮಜಾ ಹೋಯ್ತು ಅಂತ. ಎಂಜಿನ್ನಿನ ಸದ್ದು ಸತ್ತಿದೆ. ಆಕ್ಸಿಲರೇಟರ್ ಒತ್ತಿದರೆ ಪಿಕಪ್ ತಡವಾಗಿ ಬರುತ್ತದೆ. ಗೇರ್ ಬದಲಿಸಲು ಕ್ಲಚ್ ಒತ್ತಿದರೂ ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ತಕ್ಷಣ ಇಳಿಯುವುದಿಲ್ಲ. ಈ ದೂರು ಪೂರ್ತಿ ಸುಳ್ಳಲ್ಲ. ಆದರೆ ಇದರ ಹಿಂದಿನ ಕಥೆ ನೋಡಿದರೆ, ಹೊಗೆ ಕಡಿಮೆ ಮಾಡಬೇಕೆಂಬ ಗುರಿಯ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಾಗುವುದಿಲ್ಲ. ಆ ಹೊಗೆಯನ್ನು ಅಳೆದ ರೀತಿ ಮತ್ತು ಕಂಪನಿಗಳು ಹಿಡಿದ ಅಡ್ಡದಾರಿಯೇ ಹೆಚ್ಚು ಕೆಡಿಸಿವೆ.

1943ರ ಬೇಸಿಗೆಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ದಟ್ಟ ಹೊಗೆ ಕವಿಯಿತು. ಜನರಿಗೆ ಕಣ್ಣುರಿ, ಗಂಟಲು ಉರಿ. ಕಾರಣ ಯಾರಿಗೂ ಹೊಳೆಯಲಿಲ್ಲ. 1950ರ ದಶಕದ ಆರಂಭದಲ್ಲಿ ಅಲ್ಲಿನ ಕ್ಯಾಲ್ಟೆಕ್ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಏರೀ ಹಾಗೆನ್-ಸ್ಮಿಟ್ ಅದನ್ನು ಬಿಡಿಸಿ ತೋರಿಸಿದರು. ಪೂರ್ತಿ ಉರಿಯದ ಪೆಟ್ರೋಲ್ ಆವಿಯೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಝೋನ್ ಹುಟ್ಟಿಸುತ್ತಿದ್ದವು. ಅಲ್ಲಿಂದ 1970ರ ಕ್ಲೀನ್ ಏರ್ ಆಕ್ಟ್‌ವರೆಗೆ ದಾರಿ ಉದ್ದವಾಗಿತ್ತು. ಆದರೆ ಆ ಕಾನೂನು ಬಿಗಿಯಾಗಿತ್ತು. ಮುಖ್ಯ ವಿಷಾನಿಲಗಳನ್ನು ಐದಾರು ವರ್ಷಗಳಲ್ಲಿ ಶೇ. 90ರಷ್ಟು ಇಳಿಸಿ ಎಂದಿತು.

ದೊಡ್ಡ ಕಂಪನಿಗಳು ಹಿಡಿದದ್ದು ಸುಲಭದ ದಾರಿ. ಎಂಜಿನ್ನಿನ ಕಂಪ್ರೆಷನ್, ಅಂದರೆ ಉರಿಯುವ ಮುನ್ನ ಮಿಶ್ರಣವನ್ನು ಒತ್ತುವ ಪ್ರಮಾಣ, ಇಳಿಸಿದರು. ಕಿಡಿ ಹಾರುವ ಸಮಯ ತಡ ಮಾಡಿದರು. ಹೊಗೆಯ ಒಂದು ಪಾಲನ್ನು ವಾಪಸ್ ಸಿಲಿಂಡರ್‌ಗೇ ಕಳಿಸಿದರು. ಎಂಜಿನ್‌ಗಳು ಸೊರಗಿದವು. 1975ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿ 5.7 ಲೀಟರ್‌ನ ಎಂಜಿನ್ ಇದ್ದರೂ ಅದರ ಸಾಮಾನ್ಯ ಮಾದರಿಗೆ ಸಿಕ್ಕಿದ್ದು ಬರೀ 165 ಅಶ್ವಶಕ್ತಿ. ಕ್ಯಾಡಿಲಾಕ್ ಎಲ್ಡೊರಾಡೊದ 8.2 ಲೀಟರ್ ಎಂಜಿನ್ 1970ರಲ್ಲಿ 400 ಇದ್ದದ್ದು 1975ರಲ್ಲಿ 190ಕ್ಕೆ ಇಳಿಯಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನಿಯಮವನ್ನು ಬೈಯುವವರು ಜಾಸ್ತಿ. ಆದರೆ 1972ರಲ್ಲಿ ಅಳತೆಯೇ ಬದಲಾಗಿತ್ತು. ಮೊದಲು ಏರ್ ಫಿಲ್ಟರ್, ಸೈಲೆನ್ಸರ್ ಏನೂ ಇಲ್ಲದ ಬರಿ ಎಂಜಿನ್ನಿನ ಶಕ್ತಿ ಬರೆಯುತ್ತಿದ್ದರು. ಆಮೇಲೆ ಎಲ್ಲ ಜೋಡಿಸಿದ ಎಂಜಿನ್ನಿನ ಶಕ್ತಿ ಬರೆದರು. ಇಳಿದದ್ದು ನಿಜ, ಕಾಗದದಲ್ಲಿ ಕಾಣುವಷ್ಟು ಅಲ್ಲ.

ಅದೇ ಹೊತ್ತಿಗೆ ಹೋಂಡಾ ಬೇರೆ ದಾರಿ ಹಿಡಿಯಿತು. ಅವರ ಸಿವಿಸಿಸಿ ಎಂಜಿನ್‌ನಲ್ಲಿ ಒಂದು ಪುಟ್ಟ ಕೋಣೆ. ಅದರಲ್ಲಿ ಪೆಟ್ರೋಲ್ ಜಾಸ್ತಿ ಇರುವ ಮಿಶ್ರಣಕ್ಕೆ ಕಿಡಿ ಕೊಡುತ್ತಾರೆ. ಆ ಜ್ವಾಲೆ ಪಕ್ಕದ ದೊಡ್ಡ ಕೋಣೆಯ ತೆಳು ಮಿಶ್ರಣವನ್ನು ಉರಿಸುತ್ತದೆ. ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಅದು 1975ರ ಮಿತಿಯೊಳಗೆ ಬಂತು. ಸಾಧ್ಯವೇ ಇಲ್ಲ ಅಂದವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಉಳಿದವರು ಕನ್ವರ್ಟರ್ ಹಾಕಿದರು. ಪೆಟ್ರೋಲ್‌ನಲ್ಲಿದ್ದ ಸೀಸ ಅದರೊಳಗಿನ ಲೋಹವನ್ನು ಮುಚ್ಚಿ ಕೆಡಿಸುತ್ತಿತ್ತು. ಹಾಗಾಗಿ ಸೀಸವಿಲ್ಲದ ಪೆಟ್ರೋಲ್ ಬಂಕ್‌ಗೆ ಬಂತು. ಕಾರಿಗಾಗಿ ಮಾಡಿದ ಈ ಬದಲಾವಣೆಯಿಂದ ಮಕ್ಕಳ ರಕ್ತದಲ್ಲಿನ ಸೀಸವೂ ಇಳಿಯಿತು. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ, ಕೊನೆಗೆ ಅಲ್ಜೀರಿಯಾದಲ್ಲಿ.

ನನ್ನ ಪ್ರಕಾರ ಕಾರು ಪ್ರಿಯರು ನೆನೆಯಬೇಕಾದ ವರ್ಷ 1976. ಆ ವರ್ಷ ವೋಲ್ವೊ ಕ್ಯಾಲಿಫೋರ್ನಿಯಾಕ್ಕೆ ಕಳಿಸುವ ಕಾರಿನಲ್ಲಿ ಮೂರೂ ವಿಷಾನಿಲ (ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್) ತಗ್ಗಿಸುವ ಕನ್ವರ್ಟರ್ ಮತ್ತು ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ಜೋಡಿಸಿತು. ಆ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಲು ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಅಷ್ಟು ಕರಾರುವಾಕ್ಕಾಗಿ ಕೊಡುವುದು ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಕಾರ್ಬೊರೇಟರ್‌ಗೆ ಆಗದ ಕೆಲಸ. ಫ್ಯೂಯಲ್ ಇಂಜೆಕ್ಷನ್ನೂ ಪುಟ್ಟ ಕಂಪ್ಯೂಟರೂ ಎಲ್ಲ ಕಾರಿಗೂ ಬಂದದ್ದು ಬಹುಮಟ್ಟಿಗೆ ಇದಕ್ಕಾಗಿ. ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದು, ಬೆಟ್ಟ ಹತ್ತಿದರೂ ಎಂಜಿನ್ ಮುಗ್ಗರಿಸದೆ ಓಡುವುದು, 2 ಲೀಟರ್ ಟರ್ಬೊ 250 ಅಶ್ವಶಕ್ತಿ ಕೊಡುವುದು ಎಲ್ಲ ಆ ನಿಖರತೆಯ ಫಲ.

ಹಾಗಾದರೆ ಮಜಾ ಹೋದದ್ದೆಲ್ಲಿ? ಹೊಗೆ ಮತ್ತು ಮೈಲೇಜ್ ಅಳೆಯುತ್ತಿದ್ದ ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆ ನೋಡಿ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ 20 ನಿಮಿಷ, ಸುಮಾರು 11 ಕಿಲೋಮೀಟರ್ ಓಡಿಸುತ್ತಿದ್ದರು. ಸೊನ್ನೆಯಿಂದ 50 ಕಿ.ಮೀ. ವೇಗಕ್ಕೆ ಏರಲು 26 ಸೆಕೆಂಡ್. ಹಾಗೆ ಯಾರು ಓಡಿಸುತ್ತಾರೆ? ಮ್ಯಾನ್ಯುವಲ್ ಕಾರಿಗೆ ಯಾವ ವೇಗದಲ್ಲಿ ಯಾವ ಗೇರ್ ಎಂಬುದೂ ಮೊದಲೇ ಬರೆದಿಟ್ಟದ್ದು. ಅದಕ್ಕೆ ಸರಿಯಾಗಿ ಗೇರ್‌ಗಳು ಉದ್ದವಾದವು, ಅಂದರೆ ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗುವಂತಾದವು. ಎಂಜಿನ್‌ಗಳು ಚಿಕ್ಕವಾದವು. ನಿಜವಾದ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಕಾಗದದ ಮೈಲೇಜ್ ಸಿಗಲಿಲ್ಲ.

ಇದರ ಕೆಟ್ಟ ಕೊನೆ ಕಂಡದ್ದು ಡೀಸೆಲ್‌ನಲ್ಲಿ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಫೋಕ್ಸ್‌ವ್ಯಾಗನ್ ಡೀಸೆಲ್ ಕಾರಿನ ಹಿಂದೆ ಅಳತೆಯ ಯಂತ್ರ ಕಟ್ಟಿಕೊಂಡು ರಸ್ತೆಗಿಳಿದಾಗ ಪರೀಕ್ಷೆಯ ಲೆಕ್ಕಕ್ಕೆ ರಸ್ತೆಯ ಲೆಕ್ಕ ತಾಳೆಯಾಗಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಸ್ಟೀರಿಂಗ್‌ನ ಸ್ಥಿತಿ, ವೇಗದಂಥ ಸುಳಿವುಗಳಿಂದ ಪರೀಕ್ಷೆ ನಡೆಯುತ್ತಿದೆ ಎಂದು ಸಾಫ್ಟ್‌ವೇರ್ ಗುರುತಿಸುತ್ತಿತ್ತು. ಆಗ ಮಾತ್ರ ಶುದ್ಧವಾಗಿ ಓಡುತ್ತಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೆ ಹೋಗುತ್ತಿತ್ತು. ಆ ಸಾಫ್ಟ್‌ವೇರ್ ಇದ್ದ ಕಾರುಗಳು ಜಗತ್ತಿನಾದ್ಯಂತ ಸುಮಾರು 1.1 ಕೋಟಿ. 2017ರಿಂದ ಯುರೋಪಿನಲ್ಲಿ ಹೊಸ ಮಾದರಿಗಳನ್ನು ನಿಜವಾದ ರಸ್ತೆಯಲ್ಲೂ ಪರೀಕ್ಷಿಸುತ್ತಾರೆ. ಇದು ಬಹಳ ಹಿಂದೆಯೇ ಆಗಬೇಕಿತ್ತು.

ಓಡಿಸುವ ರೀತಿಯೂ ಇದರೊಳಗೇ ಬರುತ್ತದೆ. ಕ್ಲಚ್ ಒತ್ತಿದಾಗ ಆರ್‌ಪಿಎಂ ನಿಧಾನವಾಗಿ ಇಳಿಯುವುದು ಹೊಗೆ ನಿಯಮದ ಫಲವೇ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಫಕ್ಕನೆ ಮುಚ್ಚಿದರೆ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಅದಕ್ಕೆ ಕಂಪ್ಯೂಟರ್ ನಿಧಾನಿಸುತ್ತದೆ. ಇಲ್ಲಿ ಕಾರು ಪ್ರಿಯರ ಸಿಟ್ಟು ನ್ಯಾಯವಾದದ್ದು. ಆದರೆ ಕೆಲವು ಹಳೆಯ ನಂಬಿಕೆಗಳನ್ನು ಬಿಡಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುತ್ತಾರೆ. ಇಂಜೆಕ್ಷನ್ ಕಾರಿನಲ್ಲಿ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಲು ಪೆಟ್ರೋಲ್ ಬೇಕೇ ಬೇಕು. ಬೆಳಗ್ಗೆ ಕಾರು ನಿಲ್ಲಿಸಿಕೊಂಡೇ ಸುಮ್ನೆ ಬಿಸಿ ಮಾಡುವುದೂ ಅಷ್ಟೆ. ಕನ್ವರ್ಟರ್ ಕೆಲಸ ಶುರು ಮಾಡಲು ಸುಮಾರು 250ರಿಂದ 300 ಡಿಗ್ರಿ ಬಿಸಿ ಬೇಕು. ಹದವಾಗಿ ಓಡಿಸಿದರೆ ಅದು ಬೇಗ ಬರುತ್ತದೆ.

ವಿನ್ಯಾಸದಲ್ಲಿ ನನಗೆ ಹೆಚ್ಚು ಬೇಸರ ತರಿಸುವುದು ತೂಕ. 1974ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ಸುಮಾರು 800 ಕೆಜಿ ಇತ್ತು. ಈಗಿನದು 1,200 ದಾಟುತ್ತದೆ. ಹೆಚ್ಚಿದ ತೂಕದಲ್ಲಿ ಒಂದು ಪಾಲು ಸುರಕ್ಷತೆಗಾಗಿ, ಅದು ಸರಿಯೇ. ಉಳಿದದ್ದು ಗಾತ್ರ, ಸೌಕರ್ಯ. ಬ್ಯಾಟರಿ ಕಾರುಗಳು ಇನ್ನೂ ಭಾರ. ಸೈಲೆನ್ಸರ್‌ನಿಂದ ಬರುವುದನ್ನಷ್ಟೇ ಅಳೆಯುತ್ತಿದ್ದಾಗ ಈ ಭಾರದ ಬೆಲೆ ಪೂರ್ತಿ ಕಾಣುತ್ತಿರಲಿಲ್ಲ. ಯುರೋಪಿನ ಯೂರೋ 7 ನಿಯಮ ಬ್ರೇಕ್ ಉದುರಿಸುವ ದೂಳಿಗೂ ಟೈರ್ ಸವೆತಕ್ಕೂ ಮಿತಿ ಹಾಕುತ್ತಿದೆ, ಬ್ಯಾಟರಿ ಕಾರುಗಳಿಗೂ ಸೇರಿಸಿ. ಭಾರದ ಕಾರು ಟೈರನ್ನು ಜಾಸ್ತಿ ಸವೆಸುತ್ತದೆ. ಹಗುರ ಕಾರು ಕೊಡಿ ಎಂದು ಕಾರು ಪ್ರಿಯರು ಇಷ್ಟು ವರ್ಷ ಕೇಳಿದ್ದಕ್ಕೆ ಈಗ ಹೊಗೆ ನಿಯಮದ ಕಡೆಯಿಂದಲೇ ಬಲ ಬರುತ್ತಿದೆ.