ಸ್ತನ ತೆಗೆಸಿಕೊಂಡ ಮೇಲೆ ಮೊದಲಿನ ಹಾಗೆ ಆಗ್ತೀನಾ?

ಪ್ರಶ್ನೆ: ನನಗೆ 67 ವರ್ಷ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇವೆ. ಹೋದ ತಿಂಗಳು ಕ್ಯಾನ್ಸರ್ ಅಂತ ಬಲಗಡೆಯ ಸ್ತನ ಪೂರ್ತಿ ತೆಗೆದರು. ಹೊಸದಾಗಿ ಸ್ತನ ಕಟ್ಟಿಕೊಡಬಹುದು ಎಂದು ಡಾಕ್ಟರು ಹೇಳಿದ್ದರು, ನಾನೇ ಬೇಡ ಅಂದೆ. ಈಗ ಮಗಳು "ಮಾಡಿಸಿಕೊಳ್ಳಬೇಕಿತ್ತು ಅಮ್ಮ" ಅನ್ನುತ್ತಾಳೆ. ಅದಿಲ್ಲದೆ ನಾನು ಮೊದಲಿನ ಹಾಗೆ ಆಗ್ತೀನಾ ಅಕ್ಕ? ಎಷ್ಟು ದಿನ ಬೇಕು?

ಉತ್ತರ: ಆಗ್ತೀರಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮನೆಯ ದಿನನಿತ್ಯದ ಕೆಲಸ ಕೈಗೆ ಬರುತ್ತದೆ. ಕೈ ಪೂರ್ತಿ ಮೇಲೆತ್ತಲು ಎರಡು ಮೂರು ತಿಂಗಳು ಹಿಡಿಯಬಹುದು. ನಡುವೆ ರೇಡಿಯೇಷನ್ ಅಥವಾ ಕೀಮೋ ಬಂದರೆ ಇನ್ನೂ ಸ್ವಲ್ಪ ಜಾಸ್ತಿ. ಹೊಸ ಸ್ತನ ಕಟ್ಟಿಸಿಕೊಂಡಿಲ್ಲ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎದೆ ತಾನಾಗಿ ಮಾಯುತ್ತದೆ. ಕೈಯನ್ನು ಮಾತ್ರ ನಾವೇ ದಿನಾ ದುಡಿಸಿ ವಾಪಸ್ ತಂದುಕೊಳ್ಳಬೇಕು. ಆರು ವರ್ಷದ ಹಿಂದೆ, 64ನೇ ವಯಸ್ಸಿನಲ್ಲಿ, ನಾನೂ ಬಲಗಡೆಯದನ್ನೇ ತೆಗೆಸಿಕೊಂಡವಳು. ಅನುಭವಿಸಿದ್ದನ್ನೂ ಆಮೇಲೆ ಕೇಳಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಮಗಳ ಮಾತಿಗೆ ಬರೋಣ. ಸ್ತನ ಕಟ್ಟುವುದು ಕ್ಯಾನ್ಸರ್ ಚಿಕಿತ್ಸೆ ಅಲ್ಲ, ರೂಪಕ್ಕೆ ಸಂಬಂಧಿಸಿದ ಇನ್ನೊಂದು ಆಪರೇಷನ್. ಮಾಡಿಸಿಕೊಳ್ಳಲಿಲ್ಲ ಅಂತ ರೋಗ ಮರಳುವ ಸಾಧ್ಯತೆ ಹೆಚ್ಚುವುದಿಲ್ಲ. ಅವಕಾಶವೂ ಕೈತಪ್ಪಿಲ್ಲ. ಮುಂದೆ ಬೇಕು ಅನ್ನಿಸಿದರೆ, ಆರೋಗ್ಯ ಚೆನ್ನಾಗಿದ್ದರೆ, ಒಂದೆರಡು ವರ್ಷ ಬಿಟ್ಟೂ ಮಾಡಿಸಬಹುದು. ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಡಾಕ್ಟರು ಬೇಡ ಅನ್ನುವುದೂ ಇಲ್ಲ. ಆದರೆ ಅದು ಹೆಚ್ಚು ಹೊತ್ತಿನ ಆಪರೇಷನ್. ಕೆಲವು ಸಲ ಹೊಟ್ಟೆಯಿಂದಲೋ ಬೆನ್ನಿನಿಂದಲೋ ಮಾಂಸ ತೆಗೆದು ಜೋಡಿಸುತ್ತಾರೆ, ಆಗ ಮಾಯಬೇಕಾದ ಗಾಯ ಒಂದಲ್ಲ, ಎರಡು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಇದನ್ನೆಲ್ಲ ತೂಗಿ ನೋಡಿ ಬೇಡ ಅಂದರೆ ಅದು ಯೋಚನೆ ಮಾಡಿ ಆಡಿದ ಮಾತು. ನೀವು ಏನನ್ನೂ ಅರ್ಧಕ್ಕೆ ಬಿಟ್ಟು ಬಂದಿಲ್ಲ ಅಮ್ಮ. ನಿಮ್ಮ ಆಪರೇಷನ್ ಮುಗಿದಿದೆ.

ಇನ್ನೂ ಆಪರೇಷನ್ ಆಗಬೇಕಾದವರಿಗೆ ಒಂದು ಮಾತು. ಸ್ತನ ಕಟ್ಟಿಸುವುದು ಬೇಡ ಎಂದು ತೀರ್ಮಾನಿಸಿದ್ದರೆ "ಎದೆ ಚಪ್ಪಟೆಯಾಗಿ, ಸಮವಾಗಿ ಬರುವ ಹಾಗೆ ಹೊಲಿಗೆ ಹಾಕಿ" ಎಂದು ಸರ್ಜನ್‌ಗೆ ಮೊದಲೇ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಕೆಲವರಿಗೆ, ಅದರಲ್ಲೂ ಸ್ವಲ್ಪ ದಪ್ಪ ಮೈಯವರಿಗೆ, ಕಂಕುಳ ಹತ್ತಿರ ಚರ್ಮ ಮಡಿಕೆಯಾಗಿ ಉಳಿದುಬಿಡುತ್ತದೆ. ಕೈ ಕೆಳಗಿಟ್ಟಾಗಲೆಲ್ಲ ಅದು ಉಜ್ಜುತ್ತದೆ. ಕೇಳಲು ನಾಚಿಕೆಯೇನೂ ಬೇಡ.

ಮೊದಲ ಎರಡು ವಾರ ನಳಿಕೆಯ ಕಾಲ. ಗಾಯದೊಳಗೆ ಸೇರುವ ನೀರು ಹೊರಗೆ ಬರಲಿ ಎಂದು ನಳಿಕೆ ಇಟ್ಟು, ತುದಿಗೊಂದು ಡಬ್ಬಿ ಕೊಟ್ಟಿರುತ್ತಾರೆ. ದಿನಾ ಅಳೆದು ಬರೆದಿಡಬೇಕು. ನಮ್ಮ ಮನೆಯವರು ಅದನ್ನು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲೇ ಬರೆದರು. ಹಾಲಿನ ಲೆಕ್ಕದ ಪಕ್ಕದಲ್ಲಿ 90, 75, 60. ಏಕಾದಶಿಯ ದಿನ 40. ಇಪ್ಪತ್ನಾಲ್ಕು ಗಂಟೆಯಲ್ಲಿ 20-30 ಮಿಲಿಗಿಂತ ಕಡಿಮೆ ಬಂದು, ಅದು ಒಂದೆರಡು ದಿನ ಹಾಗೇ ಇದ್ದರೆ ಸಾಮಾನ್ಯವಾಗಿ ನಳಿಕೆ ತೆಗೆಯುತ್ತಾರೆ. ತೆಗೆದ ಮೇಲೆ ಅಲ್ಲಿ ನೀರು ತುಂಬಿ, ನೀರು ತುಂಬಿದ ಬಲೂನಿನ ಹಾಗೆ ಉಬ್ಬಬಹುದು. ಹೆದರಬೇಡಿ, ಆದರೆ ಮನೆಯಲ್ಲಿ ಒತ್ತಿ ತೆಗೆಯಲೂ ಹೋಗಬೇಡಿ. ಚಿಕ್ಕದಾಗಿದ್ದರೆ ತಾನೇ ಇಳಿಯುತ್ತದೆ, ದೊಡ್ಡದಾದರೆ ಡಾಕ್ಟರು ಸೂಜಿಯಲ್ಲಿ ಎಳೆದು ತೆಗೆಯುತ್ತಾರೆ.

ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. 100.4 ಡಿಗ್ರಿ ಮೀರಿದ ಜ್ವರ, ಗಾಯ ಕೆಂಪಾಗಿ ಬಿಸಿಯಾಗುವುದು, ಕೀವು, ಇದ್ದಕ್ಕಿದ್ದಂತೆ ಎದೆ ಊದಿಕೊಳ್ಳುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಸಿಕ್ಕಿಹಾಕಿಕೊಳ್ಳುವುದು. ಇವು ಬಂದರೆ ಮಧ್ಯರಾತ್ರಿಯಾದರೂ ಸರಿ, ಹೊರಡಿ.

ಈಗ ಕೈಯ ವಿಷಯ. ಹೆಚ್ಚು ಹೇಳಬೇಕಾಗಿರುವುದು ಇದನ್ನೇ. ನನಗೆ ಆಪರೇಷನ್ ಆದ ಕಡೆ ಹೊಲಿಗೆ, ಮಾತ್ರೆ, ಬಿಲ್ಲು ಎಲ್ಲ ವಿವರಿಸಿದರು. ವ್ಯಾಯಾಮದ ಮಾತು ಯಾರೂ ಎತ್ತಲಿಲ್ಲ. ಹೊಲಿಗೆ ಬಿಚ್ಚೀತು ಎಂದು ನಾನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಐದು ವಾರ ಕೂತೆ. ಆರನೇ ವಾರ ತುರುಬು ಹಾಕಿಕೊಳ್ಳೋಣ ಅಂತ ಕೈ ಎತ್ತಿದರೆ ಕಿವಿಯ ತನಕವೂ ಹೋಗಲಿಲ್ಲ. ಭುಜ ಬಿಗಿದುಹೋಗಿತ್ತು. ಅದನ್ನು ಸಡಿಲ ಮಾಡಲು ನಾಲ್ಕು ತಿಂಗಳು ಫಿಸಿಯೋಥೆರಪಿ ಬೇಕಾಯಿತು. ನಿಮಗೆ ಹಾಗಾಗಬಾರದು.

ನಮ್ಮ ಅಜ್ಜಿಯಂದಿರ ಕಾಲದ ಕಥೆ ಕೇಳಿ ಹೆದರಬೇಡಿ. 1880ರ ದಶಕದಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಆಪರೇಷನ್‌ನಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುವನ್ನೂ ತೆಗೆಯುತ್ತಿದ್ದರು. ಕೈ ಸೋಲುತ್ತಿದ್ದದ್ದು ನಿಜ. ಈಗ ಸಾಮಾನ್ಯವಾಗಿ ಸ್ನಾಯು ಮುಟ್ಟುವುದಿಲ್ಲ. ಕೈ ಎತ್ತಲು ಬೇಕಾದ ಬಲ ನಿಮ್ಮಲ್ಲೇ ಇದೆ, ಬಿಗಿದಿರುವುದು ಚರ್ಮ ಮತ್ತು ಭುಜದ ಕೀಲು.

ನಳಿಕೆ ಇರುವಾಗ ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚಿ ಬಿಡಿಸುವುದು, ಭುಜ ನಿಧಾನವಾಗಿ ತಿರುಗಿಸುವುದು ಸಾಕು. ಮೊಣಕೈ ಭುಜದ ಮಟ್ಟ ದಾಟುವುದು ಬೇಡ. ತಲೆ ಬಾಚಿಕೊಳ್ಳುವುದು, ಊಟ ಮಾಡುವುದು ಅದೇ ಕೈಯಲ್ಲಿ ಆಗಲಿ. ನಳಿಕೆ ತೆಗೆದು, ಡಾಕ್ಟರು ಸರಿ ಅಂದ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಿ. ಬೆರಳುಗಳನ್ನು ಇರುವೆ ನಡೆದ ಹಾಗೆ ಗೋಡೆ ಮೇಲೆ ಹತ್ತಿಸುತ್ತಾ ಹೋಗಿ. ಎಳೆತ ಗೊತ್ತಾಗುವಲ್ಲಿ ನಿಲ್ಲಿಸಿ, ಐದು ಎಣಿಸಿ, ಇಳಿಸಿ. ಐದಾರು ಸಲ, ದಿನಕ್ಕೆ ಎರಡು ಮೂರು ಹೊತ್ತು. ಎಳೆತ ಇರಬೇಕು, ಕಣ್ಣಲ್ಲಿ ನೀರು ಬರುವಂಥ ನೋವು ಇರಬಾರದು.

ಇನ್ನೊಂದು ಸಲಕರಣೆ ಮುಂಬೈಯ ಎಷ್ಟೋ ಮನೆಗಳಲ್ಲಿ ಇದೆ. ಚಾವಣಿ ಹತ್ತಿರದ ಹಗ್ಗಕ್ಕೆ ಬಟ್ಟೆ ಹಾಕುವ ಕೋಲು. ಮಲಗಿಕೊಂಡು ಎರಡೂ ಕೈಯಲ್ಲಿ ಅದನ್ನು ಹಿಡಿಯಿರಿ. ಚೆನ್ನಾಗಿರುವ ಕೈ ಎಳೆದುಕೊಂಡು ಹೋಗಲಿ, ಸೋತ ಕೈ ಹಿಂದೆ ಬರಲಿ. ನಿಧಾನವಾಗಿ ತಲೆಯ ಕಡೆಗೆ ತನ್ನಿ, ವಾಪಸ್ ಒಯ್ಯಿರಿ. ನನ್ನ ಕೋಲಿನ ಹಳದಿ ಬಣ್ಣ ಎರಡು ಕಡೆ ಸವೆದು ಬಿದಿರು ಕಾಣುತ್ತದೆ, ನಾಲ್ಕು ತಿಂಗಳು ನಾನು ಹಿಡಿದ ಜಾಗ ಅದು. ಒದ್ದೆ ಸೀರೆಯನ್ನು ಆ ಕೋಲಿನಿಂದ ಮೇಲಿನ ಹಗ್ಗಕ್ಕೆ ಏರಿಸಿದ ದಿನ, ಇನ್ನು ಪರವಾಗಿಲ್ಲ ಅನ್ನಿಸಿತು.

ಕೆಲವು ವಾರ ಕಳೆದ ಮೇಲೆ ಕೆಲವರಿಗೆ ಕಂಕುಳಿಂದ ಮೊಣಕೈ ಕಡೆಗೆ ಚರ್ಮದ ಕೆಳಗೆ ತಂತಿ ಬಿಗಿದ ಹಾಗೆ ಎದ್ದು ಕಾಣುತ್ತದೆ. ಕೈ ಚಾಚಿದರೆ ಎಳೆಯುತ್ತದೆ. ಇದು ರೋಗ ಮರಳಿದ್ದಲ್ಲ. ನೀವಿ, ನಿಧಾನಕ್ಕೆ ಹಿಗ್ಗಿಸಿ ಸರಿ ಮಾಡುವುದು ಫಿಸಿಯೋಥೆರಪಿಯವರಿಗೆ ಗೊತ್ತು. ಪರೇಲ್‌ನ ಟಾಟಾ ಮೆಮೋರಿಯಲ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಆ ವಿಭಾಗ ಇದೆ. ಯಾರೂ ಕಳಿಸದಿದ್ದರೆ ನೀವೇ ಕೇಳಿ ಚೀಟಿ ಬರೆಸಿಕೊಳ್ಳಿ.

ರಟ್ಟೆಯ ಒಳಭಾಗ ಜೋಮು ಹಿಡಿದ ಹಾಗೆ ಇರುವುದು, ಇಲ್ಲದ ಸ್ತನದಲ್ಲಿ ತುರಿಕೆಯಾಗುವುದು ಎರಡೂ ಇದ್ದದ್ದೇ. ನರ ಕತ್ತರಿಸಿರುತ್ತದೆ, ಅದಕ್ಕೇ ಹೀಗೆ. ಜೋಮು ಕೆಲವರಿಗೆ ಸ್ವಲ್ಪ ಉಳಿದೇ ಬಿಡುತ್ತದೆ. ಆ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.

ಅಡುಗೆಮನೆಗೆ ಯಾವಾಗ? ಸೊಪ್ಪು ಬಿಡಿಸುವುದು, ಒಗ್ಗರಣೆ ಹಾಕುವುದು ಎರಡು ಮೂರು ವಾರಕ್ಕೇ ಆಗುತ್ತದೆ. ಈಳಿಗೆ ಮಣೆ ಮೇಲೆ ಕೂತು ತೆಂಗಿನಕಾಯಿ ತುರಿಯುವುದು ಮಾತ್ರ ಎದೆ, ಭುಜ, ರಟ್ಟೆ ಮೂರನ್ನೂ ಒತ್ತುವ ಕೆಲಸ. ನೀವು ಬಲಗೈಯವರಾದರೆ ಕನಿಷ್ಠ ಆರು ವಾರ ಬೇರೆಯವರು ಮಾಡಲಿ. ನೀರು ತುಂಬಿದ ಬಕೆಟ್ಟು, ಐದು ಲೀಟರ್ ಕುಕ್ಕರ್, ತರಕಾರಿ ಚೀಲ, ಎತ್ತಿಕೋ ಅನ್ನುವ ಮೊಮ್ಮಗು, ಎಲ್ಲದಕ್ಕೂ ಅಷ್ಟೇ ಕಾಲ.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದಾರಾ, ಎಷ್ಟು ತೆಗೆದಿದ್ದಾರೆ ಎಂದು ಡಿಸ್ಚಾರ್ಜ್ ಕಾಗದ ನೋಡಿ ಕೇಳಿ ತಿಳಿದುಕೊಳ್ಳಿ. ಒಂದೆರಡು ಮಾತ್ರ ತೆಗೆದಿದ್ದರೆ ಕೈ ಬಾವು ಬರುವುದು ಕಡಿಮೆ. ಜಾಸ್ತಿ ತೆಗೆದಿದ್ದರೆ, ಮೇಲೆ ರೇಡಿಯೇಷನ್ ಕೂಡ ಆದರೆ, ತಿಂಗಳುಗಳ ಮೇಲೆ, ವರ್ಷಗಳ ಮೇಲೂ ಕೈ ಊದಬಹುದು. ಮೊದಲು ಗೊತ್ತಾಗುವುದು ಬಳೆಯಲ್ಲಿ. ನಿನ್ನೆಯವರೆಗೆ ಸಡಿಲವಾಗಿ ಆಡುತ್ತಿದ್ದ ಬಳೆ ಇವತ್ತು ಗುರುತು ಬೀಳಿಸಿದರೆ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ. ಬೇಗ ಹಿಡಿದರೆ ತೋಳಿಗೆ ಹಾಕುವ ಬಿಗಿ ಪಟ್ಟಿ, ವ್ಯಾಯಾಮದಲ್ಲೇ ಹತೋಟಿಗೆ ಬರುತ್ತದೆ. ಆ ಕೈಗೆ ಗಾಯ, ಸುಟ್ಟ ಬೊಬ್ಬೆ ಆಗದ ಹಾಗೆ ನೋಡಿಕೊಳ್ಳಿ. ಪಾತ್ರೆ ತೊಳೆಯುವಾಗ ಕೈಗವಸು ಒಳ್ಳೆಯದು. ಇಂಜೆಕ್ಷನ್, ರಕ್ತ ತೆಗೆಯುವುದು ಸಾಧ್ಯವಾದರೆ ಇನ್ನೊಂದು ಕೈಗೇ ಆಗಲಿ. ಇದ್ದಕ್ಕಿದ್ದಂತೆ ಕೈ ಕೆಂಪಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆ.

ಆಸ್ಪತ್ರೆಗೆ ಓಡಾಡಲು ಲೋಕಲ್ ರೈಲೇ ಗತಿ ಅಲ್ವಾ. ದಿವ್ಯಾಂಗರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗ ಇದೆ, ಆಸ್ಪತ್ರೆಯ ಕಾಗದ ಜೊತೆಗಿರಲಿ. ಸಂಕೋಚ ಪಟ್ಟು ಲೇಡೀಸ್ ಡಬ್ಬಿಯ ನೂಕುನುಗ್ಗಲಿಗೆ ಹೋಗಬೇಡಿ. ಒಬ್ಬರ ಮೊಣಕೈ ಎದೆಗೆ ತಾಗಿದರೆ ಸಾಕು, ಪ್ರಾಣ ಹೋದ ಹಾಗಾಗುತ್ತದೆ. ಮೇಲಿನ ಹಿಡಿಕೆಗೆ ಆಪರೇಷನ್ ಆದ ಕೈ ಕೊಟ್ಟು ನಿಲ್ಲುವುದೂ ಬೇಡ.

ಬಟ್ಟೆ. ಮೊದಲಿಗೆ ಮುಂದೆ ಗುಂಡಿ ಇರುವ ನೈಟಿ. ಗಾಯ ಆರಿದ ಮೇಲೆ ಒಳಗೆ ಏನಾದರೂ ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದು ಪೂರ್ತಿ ನಿಮ್ಮಿಷ್ಟ. ಇಡುವುದಾದರೆ ಶುರುವಿಗೆ ಹತ್ತಿಯ ಹಗುರದ್ದು. ಹತ್ತಿ ನೂಲಿನಲ್ಲಿ ಕ್ರೋಶಾ ಹೆಣೆದು ಉಚಿತವಾಗಿ ಕೊಡುವ ಸ್ವಯಂಸೇವಕಿಯರು ಮುಂಬೈಯಲ್ಲಿದ್ದಾರೆ, ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ವಿಚಾರಿಸಿ. ಸಿಲಿಕೋನ್‌ನದು ಆರರಿಂದ ಎಂಟು ವಾರ ಕಳೆದ ಮೇಲೆ. ರೇಡಿಯೇಷನ್ ಇದ್ದರೆ ಅದು ಮುಗಿದು ಚರ್ಮ ತಣ್ಣಗಾದ ಮೇಲೆ. ತೂಕ, ಆಕಾರ ನಿಜದ ಹಾಗೇ ಇರುತ್ತದೆ. ಆದರೆ ಮೇ ತಿಂಗಳ ನಮ್ಮ ಬೆವರಿಗೆ ಅದರ ಕೆಳಗೆ ಚರ್ಮ ಕೆಂಪಾಗುತ್ತದೆ. ನಾನು ಬೇಸಿಗೆಯಲ್ಲಿ ಹತ್ತಿಯದನ್ನೇ ಹಾಕುತ್ತೇನೆ. ಹಗುರದ್ದು ಮೇಲಕ್ಕೆ ಸರಿಯುತ್ತದೆ ಅನ್ನುವುದು ಎಲ್ಲರ ದೂರು. ಬ್ರಾದ ಒಳಗೆ ಮಲ್‌ಮಲ್ ಬಟ್ಟೆಯ ಜೇಬು ಹೊಲಿಸಿ, ತಳದಲ್ಲಿ ಸಾಸಿವೆಯ ಪುಟ್ಟ ಗಂಟು ಇಟ್ಟರೆ ನಿಲ್ಲುತ್ತದೆ. ಒಗೆಯುವಾಗ ಗಂಟು ತೆಗೆದಿಡಿ.

ನಿಮ್ಮದು ಬಲಗಡೆ. ನಾವು ಸೆರಗು ಎಡ ಹೆಗಲ ಮೇಲೆ ಹಾಕುವವರು, ಹಾಗಾಗಿ ಬಲಗಡೆ ಚಪ್ಪಟೆ ಇರುವುದು ಎದ್ದು ಕಾಣುತ್ತದೆ. ಘಾಟ್‌ಕೋಪರ್‌ನಲ್ಲಿ ನನ್ನ ಪಕ್ಕದ ಮನೆಯ ಗುಜರಾತಿ ಬೆನ್ ಇದನ್ನು ಒಂದೇ ನೋಟಕ್ಕೆ ಕಂಡುಕೊಂಡರು. ಹಿಂದಿನಿಂದ ಬಲ ಹೆಗಲ ಮೇಲೆ ಸೆರಗು ತಂದು ಎದೆ ಮೇಲೆ ಹರಡಿ, ಒಂದು ಪಿನ್ ಹಾಕಿ ಕೊಟ್ಟರು. ಆ ಥರ ಉಟ್ಟುಕೊಂಡೇ ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋಗಿದ್ದೆ, ಆಪರೇಷನ್ ಆದ ಮೇಲೆ ಮೊದಲ ಸಲ ಹೊರಗೆ. ಈಗ ಎಷ್ಟೋ ದಿನ ಒಳಗೆ ಏನೂ ಇಡದೆ, ಎಡ ಹೆಗಲಿಗೇ ಸೆರಗು ಹಾಕಿ ಮಾರ್ಕೆಟ್‌ಗೆ ಹೋಗಿ ಬರುತ್ತೇನೆ.

ಕನ್ನಡಿಯ ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿಕೊಂಡೇ ನೀರು ಹಾಕಿಕೊಳ್ಳುವವರನ್ನು ನೋಡಿದ್ದೇನೆ. ನಾನೂ ಹತ್ತು ದಿನ ಹಾಗೇ ಮಾಡಿದೆ. 67ಕ್ಕೆ ಇದೆಲ್ಲ ಏನು ದೊಡ್ಡದು ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಕ್ಕಳಿಗೆ ಹಾಲೂಡಿಸಿದ ಎದೆ ಅದು. ದುಃಖ ಬಂದರೆ ಅಳಿ. ಗಾಯ ಆರಿದ ಮೇಲೆ ಆ ಗೆರೆಯ ಸುತ್ತ ಬೆರಳಿನಿಂದ ಎಣ್ಣೆ ನೀವುತ್ತಾ ಬನ್ನಿ. ಚರ್ಮ ಮೆತ್ತಗಾಗುತ್ತದೆ, ಕಣ್ಣಿಗೂ ಅಭ್ಯಾಸ ಆಗುತ್ತದೆ. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಕ್ಯಾನ್ಸರ್ ಮರಳದಿರಲಿ ಎಂದು ಲೆಟ್ರೋಜೋಲ್, ಅನಾಸ್ಟ್ರೋಜೋಲ್‌ನಂಥ ಮಾತ್ರೆ ಕೊಟ್ಟಿದ್ದರೆ ಬೆಳಿಗ್ಗೆ ಎದ್ದಾಗ ಕೈಬೆರಳು, ಮಂಡಿ ಹಿಡಿದುಕೊಳ್ಳಬಹುದು. ಅದು ಮಾತ್ರೆಯದು, ಆಪರೇಷನ್‌ದಲ್ಲ. ಮೂಳೆಯನ್ನೂ ಸವೆಸುತ್ತದೆ. ಮೂಳೆ ಸಾಂದ್ರತೆ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಿ. ನೋವು ಅಂತ ಸುಮ್ನೆ ನಿಲ್ಲಿಸಿಬಿಡಬೇಡಿ, ಸಾಮಾನ್ಯವಾಗಿ ಐದು ವರ್ಷ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಬದಲಾಯಿಸಲು ಬೇರೆ ಮಾತ್ರೆ ಇದೆ. ಎಡಗಡೆಗೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್. ಬಲಗಡೆಯ ಗೆರೆಯ ಮೇಲೆ, ಕಂಕುಳಲ್ಲಿ ತಿಂಗಳಿಗೊಮ್ಮೆ ನೀವೇ ಬೆರಳಾಡಿಸಿ ನೋಡಿ. ಗಂಟು ಸಿಕ್ಕರೆ ತೋರಿಸಿ.

ಮಗಳಿಗೂ ಒಂದು ಕೆಲಸ ಕೊಡಿ. ನೀವು ಗೋಡೆ ಮೇಲೆ ಬೆರಳು ಹತ್ತಿಸುವಾಗ ಪಕ್ಕದಲ್ಲಿ ನಿಂತು, ಎಲ್ಲಿಗೆ ಮುಟ್ಟಿತೋ ಅಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಲಿ. ವಾರಕ್ಕೊಂದು ಗೆರೆ ಸಾಕು.