ಪದ ಪರಿಚಯ: ಸೀಲ್‌ಡೌನ್

ಸೋಂಕು ಕಂಡ ಓಣಿ, ಊರನ್ನು ಮುಚ್ಚುವುದಕ್ಕೆ ಕೊರೊನಾ ಕಾಲದಲ್ಲಿ ನಾವೇ ಕಟ್ಟಿಕೊಂಡ ಪದ ಇದು. ಲಾಕ್‌ಡೌನ್‌ನ ಬಾಲ ಕತ್ತರಿಸಿ ‘ಸೀಲ್’ಗೆ ಅಂಟಿಸಿದರು, ಪದ ಓಡಿತು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರ, ಬಾಪೂಜಿನಗರ ವಾರ್ಡ್‌ಗಳನ್ನು ಮುಚ್ಚಿದಾಗ ಟಿ.ವಿ. ತುಂಬ ಅದೇ ಮಾತು. ಅದೇ ತಿಂಗಳು ರಾಯಬಾಗ ತಾಲ್ಲೂಕಿನ ಕುಡಚಿಗೂ ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಗೂ ಬ್ಯಾರಿಕೇಡ್ ಬಂದವು, ‘ಊರು ಸೀಲ್‌ಡೌನ್ ಆಗೇತಿ’ ಎನ್ನುವುದು ನಮ್ಮ ಕಡೆಯ ಮಾತೂ ಆಯಿತು. ಸರ್ಕಾರಿ ಕಾಗದದಲ್ಲಿ ಇದರ ಹೆಸರು ಕಂಟೈನ್‌ಮೆಂಟ್ ಝೋನ್. ಕನ್ನಡದಲ್ಲಿ ನಿಯಂತ್ರಿತ ವಲಯ ಎಂದೂ ಬರೆದರು, ನಿರ್ಬಂಧಿತ ವಲಯ ಎಂದೂ ಬರೆದರು. ಜನರ ಬಾಯಲ್ಲಿ ಎರಡೂ ನಿಲ್ಲಲಿಲ್ಲ.

ನಿಂತ ಪದ ಮಾತ್ರ ಅರ್ಥವನ್ನು ಸ್ವಲ್ಪ ಕೆಡಿಸಿತು. ಸೀಲ್ ಅಂದರೆ ನಮಗೆ ಅರಗು ಹಾಕಿದ ಲಕೋಟೆ, ಬೀಗಮುದ್ರೆ ಬಿದ್ದ ಅಂಗಡಿ. ಒಮ್ಮೆ ಮುಚ್ಚಿದರೆ ಕೆಲಸ ಮುಗಿಯಿತು. ಊರು ಹಾಗಲ್ಲ. ಒಳಗೆ ಬಾಣಂತಿ ಇರುತ್ತಾಳೆ, ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹೋಗುವವರು ಇರುತ್ತಾರೆ, ಎರಡು ಹೊತ್ತು ಕರೆಯಬೇಕಾದ ಎಮ್ಮೆ ಇರುತ್ತದೆ. ಸಾರ್ವಜನಿಕ ಆರೋಗ್ಯದ ಲೆಕ್ಕದಲ್ಲಿ ಸೀಲ್‌ಡೌನ್ ಎಂದರೆ ಮೂರು ಕೆಲಸಗಳ ಗಂಟು: ಸೋಂಕು ಸಿಕ್ಕ ಮನೆಯ ಸುತ್ತ ಗಡಿ ಹಾಕುವುದು, ಗಡಿಯೊಳಗಿನ ಪ್ರತಿ ಮನೆಯನ್ನೂ ದಿನಾ ನೋಡಿ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇರುವವರನ್ನು ಬೇಗ ಹುಡುಕುವುದು, ಅಷ್ಟು ದಿನ ಒಳಗಿನವರಿಗೆ ಬೇಕಾದದ್ದನ್ನು ಬಾಗಿಲಿಗೆ ಮುಟ್ಟಿಸುವುದು. ಫೋಟೊದಲ್ಲಿ ಬರುವುದು ಮೊದಲನೆಯದು. ಸೋಂಕನ್ನು ನಿಲ್ಲಿಸುವುದು ಉಳಿದೆರಡು.

ಜೊತೆಗೆ ಬರುವ ಪದಗಳನ್ನು ಇಲ್ಲೇ ಬೇರೆ ಮಾಡಿಬಿಡೋಣ. ಲಾಕ್‌ಡೌನ್ ಎಲ್ಲರಿಗೂ ಒಂದೇ ಸಲ ಹಾಕುವ ತಡೆ. 2020ರ ಮಾರ್ಚ್ 25ರಂದು ಇಡೀ ದೇಶಕ್ಕೆ ಬಂದದ್ದು ಅದು. ಐಸೊಲೇಷನ್ ಸೋಂಕು ಖಚಿತವಾದವರಿಗೆ. ಕ್ವಾರಂಟೈನ್ ಸೋಂಕು ತಗುಲಿರಬಹುದಾದ, ಆದರೆ ಇನ್ನೂ ಚೆನ್ನಾಗಿಯೇ ಇರುವವರಿಗೆ. ವೆನಿಸ್ ಬಂದರಿನಲ್ಲಿ ಹಡಗುಗಳನ್ನು ನಿಲ್ಲಿಸುತ್ತಿದ್ದ 40 ದಿನದಿಂದ ಬಂದ ಹೆಸರು. ಸೀಲ್‌ಡೌನ್ ಮನುಷ್ಯರಿಗಲ್ಲ, ಜಾಗಕ್ಕೆ. ಇನ್ನು ಊರ ಹುಡುಗರು ಅಗಸಿ ಮುಂದೆ ಜಾಲಿಮುಳ್ಳು ಎಳೆದು ಹಾಕಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬೋರ್ಡ್ ನೇತುಹಾಕಿದ್ದು ಇದ್ಯಾವುದೂ ಅಲ್ಲ. ಅದರಲ್ಲಿ ಹುಡುಕುವವರೂ ಇಲ್ಲ, ಮುಟ್ಟಿಸುವವರೂ ಇಲ್ಲ. ಆಂಬ್ಯುಲೆನ್ಸ್‌ಗೆ ದಾರಿಯೂ ಇರುವುದಿಲ್ಲ.

ಗಡಿ ಎಷ್ಟು ದೊಡ್ಡದಿರಬೇಕು? ನೀತಿಯ ಅರ್ಧ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ ಮೊದಲ ಮೈಕ್ರೋ ಪ್ಲಾನ್‌ನಲ್ಲಿ ಸೋಂಕಿತರ ಮನೆಯಿಂದ 3 ಕಿ.ಮೀ. ತ್ರಿಜ್ಯದೊಳಗಿನದನ್ನು ಕಂಟೈನ್‌ಮೆಂಟ್ ಎಂದೂ ಅದರಾಚೆಯದನ್ನು ಬಫರ್ ಎಂದೂ ಗುರುತಿಸಲು ಹೇಳಿದ್ದರು. ಮುಂದೆ ರಾಜ್ಯದಲ್ಲಿ ಅದು 100 ಮೀಟರ್‌ಗೆ ಇಳಿಯಿತು. ‘ಕೇಸು ಹೆಚ್ಚಾದವು, ಸರ್ಕಾರ ಕೈಚೆಲ್ಲಿತು’ ಎಂದು ಬೈದವರು ಬಹಳ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ. 3 ಕಿ.ಮೀ. ತ್ರಿಜ್ಯದ ವೃತ್ತ ಅಂದರೆ ಸುಮಾರು 28 ಚದರ ಕಿ.ಮೀ., ನಮ್ಮ ಭಾಷೆಯಲ್ಲಿ ಹೆಚ್ಚುಕಡಿಮೆ 7,000 ಎಕರೆ. ಅಥಣಿ, ರಾಯಬಾಗದ ಕಡೆ ಅಷ್ಟರಲ್ಲಿ ಒಂದು ಊರು, ಪಕ್ಕದೂರಿನ ಅರ್ಧ, ಕಬ್ಬಿನ ನಡುವೆ ಚೆದುರಿದ ನೂರಾರು ತೋಟದ ಮನೆಗಳು ಬೀಳುತ್ತವೆ. 100 ಮೀಟರಿನದು 8 ಎಕರೆಗೂ ತುಸು ಕಡಿಮೆ. ಗೋಡೆಗೆ ಗೋಡೆ ಹತ್ತಿದ ಗಾವಠಾಣದ ಮೂರ್ನಾಲ್ಕು ಓಣಿ.

ಈಗ ಕಾಲುಗಳನ್ನು ಎಣಿಸಿ. ಆ ಮೈಕ್ರೋ ಪ್ಲಾನ್ ಪ್ರಕಾರ ಒಬ್ಬ ಕಾರ್ಯಕರ್ತೆಗೆ ದಿನಕ್ಕೆ 50 ಮನೆ, ದಾರಿ ಕಷ್ಟವಿದ್ದಲ್ಲಿ 30, ನಾಲ್ವರಿಗೆ ಒಬ್ಬ ಮೇಲ್ವಿಚಾರಕ. 5,000 ಜನ, 1,000 ಮನೆ ಇರುವ ಊರಿಗೆ 20 ಕಾರ್ಯಕರ್ತೆಯರು ಬೇಕು. ಸಾವಿರ ಜನರಿಗೆ ಒಬ್ಬ ಆಶಾ ಎಂಬ ಲೆಕ್ಕದಲ್ಲಿ ಅಲ್ಲಿರುವವರು 5 ಜನ. ಅಂಗನವಾಡಿಯವರು ಸೇರಿದರೆ 10–12. ಅವರನ್ನು ಬೇರೆ ಡ್ಯೂಟಿಗೆ ಹಾಕಿದರೋ, ಐದು ಆಶಾಗಳು ಊರು ಸುತ್ತಿ ಬರಲು 4 ದಿನ. ಸೋಮವಾರ ನೋಡಿದ ಮನೆಗೆ ಮತ್ತೆ ಶುಕ್ರವಾರ. ಸೋಮವಾರ ಸಂಜೆ ಜ್ವರ ಹತ್ತಿದವನು ಶುಕ್ರವಾರ ಗೊತ್ತಾಗುತ್ತಾನೆ. ಕೊರೊನಾದಲ್ಲಿ ಲಕ್ಷಣಕ್ಕೆ 2 ದಿನ ಮೊದಲೇ ಸೋಂಕು ದಾಟಲು ಶುರುವಾಗಿರುತ್ತದೆ. ಅಷ್ಟೊತ್ತಿಗೆ ಮನೆಮಂದಿಗೆಲ್ಲ ಮುಟ್ಟಿದ್ದಾಗಿರುತ್ತದೆ. ಅದೇ ಮೂರ್ನಾಲ್ಕು ಓಣಿಯ 150–200 ಮನೆಯಾದರೆ ನಾಲ್ವರು ದಿನಾ ನೋಡಿ ಮುಗಿಸಬಹುದು. ದಿನಾ ನೋಡಲಾಗದ ದೊಡ್ಡ ಗಡಿಗಿಂತ ದಿನಾ ನೋಡುವ ಸಣ್ಣ ಗಡಿ ಮೇಲು. ಗಡಿಯ ಗಾತ್ರವನ್ನು ನಕ್ಷೆಯ ಮೇಲಿನ ಕಂಪಾಸು ಹೇಳಬಾರದು, ಆಶಾಳ ಚಪ್ಪಲಿ ಹೇಳಬೇಕು. 2020ರ ಜುಲೈನಲ್ಲಿ ರಾಜ್ಯದ 42,000ದಷ್ಟು ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದಾಗ ಈ ಲೆಕ್ಕದ ಬುಡವೇ ಅಲ್ಲಾಡಿತ್ತು. ಅದನ್ನು ಬರೀ ಸಂಬಳದ ಸುದ್ದಿ ಎಂದು ಓದಿದವರು ರೋಗತಡೆಯ ಸುದ್ದಿಯನ್ನು ತಪ್ಪಿಸಿಕೊಂಡರು.

ಸಣ್ಣ ಗಡಿಗೆ ಒಂದು ಕೊರತೆ ಇದೆ. ಸೋಂಕಿತ ವ್ಯಕ್ತಿ ಮೂರು ದಿನದ ಹಿಂದೆ ಸಂತೆಗೆ ಹೋಗಿರುತ್ತಾನೆ, ಬೀಗರ ಮನೆಯ ಕುಬುಸಕ್ಕೆ ಹೋಗಿರುತ್ತಾನೆ. ಅವು ವೃತ್ತದಲ್ಲಿ ಬೀಳುವುದಿಲ್ಲ. ಅದಕ್ಕೇ ಸಂಪರ್ಕಿತರ ಪಟ್ಟಿ ಬೇರೆ. ಲಕ್ಷಣ ಬಂದ ದಿನಕ್ಕಿಂತ 2 ದಿನ ಹಿಂದಿನಿಂದ ಎಣಿಸಿ, ಹತ್ತಿರ ಕೂತು 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಳೆದವರು, ಒಂದೇ ಮನೆಯವರು ಪ್ರಾಥಮಿಕ ಸಂಪರ್ಕಿತರು. ‘ಯಾರ‍್ಯಾರನ್ನ ಭೇಟಿ ಆಗಿದ್ದಿ?’ ಎಂದು ಕೇಳಿದರೆ ‘ಯಾರಿಲ್ಲರಿ’ ಎಂಬ ಉತ್ತರ ಬರುತ್ತದೆ. ‘ಮೊನ್ನೆ ಬೆಳಿಗ್ಗೆ ಚಹಾ ಎಲ್ಲಿ ಕುಡಿದ್ರಿ, ಗಾಡಿ ಮ್ಯಾಲೆ ಹಿಂದ ಯಾರಿದ್ರು, ಕಟಿಂಗ್ ಯಾವಾಗ ಮಾಡಿಸಿದ್ರಿ’ ಎಂದು ದಿನವನ್ನು ತುಂಡು ತುಂಡು ಮಾಡಿ ಕೇಳಿದರೆ ಹೆಸರು ಉದುರುತ್ತವೆ.

ಒಳಗಿನವರಿಗೆ ಮುಟ್ಟಿಸುವ ಕೆಲಸದಲ್ಲಿ ಸೋರಿಕೆ ಎಲ್ಲಿ ಆಗುತ್ತದೆ ಎನ್ನುವುದು ಊರಿಂದೂರಿಗೆ ಬೇರೆ. ಬೆಳಗಾವಿ, ವಿಜಯಪುರದಂಥ ನಮ್ಮ ಕಡೆಯ ಜಿಲ್ಲೆಗಳಲ್ಲಿ ಅದು ಗಿರಣಿ. ಆ ವರ್ಷ ಕೇಂದ್ರದ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ ಬಿಟ್ಟಿ ಬಂತು. ಇಲ್ಲಿ ಸಿಕ್ಕದ್ದು ಹೆಚ್ಚಾಗಿ ಅಕ್ಕಿ. ಮನೆಯಲ್ಲಿ ಬೇಕಾದದ್ದು ರೊಟ್ಟಿ. ಜೋಳ ಚೀಲಗಟ್ಟಲೆ ಇರುತ್ತದೆ, ಹಿಟ್ಟು ಇರುವುದಿಲ್ಲ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಒಡೆಯುತ್ತದೆಂದು ವಾರಕ್ಕೊಮ್ಮೆ ಬೀಸಿಸುವ ರೂಢಿ. ಗಿರಣಿ ಗಡಿಯ ಹೊರಗೆ ಬಿದ್ದರೆ, ಅಥವಾ ಒಳಗಿದ್ದೂ ಪೊಲೀಸರು ಶಟರ್ ಇಳಿಸಿದರೆ, ಎಂಟನೇ ದಿನ ಹೆಣ್ಣುಮಕ್ಕಳು ಡಬ್ಬಿ ಹೊತ್ತು ಹಿತ್ತಲ ದಾರಿ ಹಿಡಿಯುತ್ತಾರೆ. ಮದ್ದು ಕಷ್ಟದ್ದಲ್ಲ. ಓಣಿಗೊಂದು ದಿನ ಗೊತ್ತು ಮಾಡಿ, ಡಬ್ಬಿಗೆ ಮನೆ ನಂಬರ್ ಬರೆದು, ಗ್ರಾಮ ಪಂಚಾಯ್ತಿಯ ಗಾಡಿಯಲ್ಲಿ ಒಯ್ದು ಬೀಸಿಸಿ ತರುವುದು. ಇದನ್ನು ಪಿಡಿಒ ಮೊದಲ ದಿನದ ಪಟ್ಟಿಯಲ್ಲೇ ಬರೆದುಕೊಂಡಿರಬೇಕು. ಎಂಟನೇ ದಿನ ನೆನಪಾದರೆ ತಡವಾಯಿತು.

ಎರಡನೆಯದು ದನ. ಕಣಿಕೆ ಬಣವೆ ಹೊಲದಲ್ಲಿ, ದನ ಮನೆಯಲ್ಲಿ. ದಿನಕ್ಕೆ ಎರಡು ಸಲ ರೈತ ಗಡಿ ದಾಟಲೇಬೇಕು. ಬಿಡುವುದಿಲ್ಲ ಎಂದರೆ ದಾಟುವುದು ನಿಲ್ಲುವುದಿಲ್ಲ, ಹೇಳಿ ದಾಟುವುದು ನಿಲ್ಲುತ್ತದೆ. ಮನೆಗೆ ಒಬ್ಬರೇ, ಗೊತ್ತಾದ ಹೊತ್ತಿಗೆ, ಒಂದೇ ದಾರಿಯಿಂದ, ಪುಸ್ತಕದಲ್ಲಿ ಹೆಸರು ಬರೆಸಿ ಹೋಗಲಿ ಎಂಬ ಏರ್ಪಾಡೇ ವಾಸಿ. ಮೂರನೆಯದು ಚರಗಿ. ಪಾಯಖಾನೆ ಇಲ್ಲದ, ಇದ್ದರೂ ನೀರಿಲ್ಲದ ಮನೆಗಳು ಬೆಳಗಿನ ಐದಕ್ಕೆ ಬಯಲಿಗೆ ಹೊರಡುತ್ತವೆ. ಆ ಹೊತ್ತಿಗೆ ಬ್ಯಾರಿಕೇಡ್ ಕಾಯುವವರು ಇರುವುದಿಲ್ಲ. ನೀರೂ ಅಷ್ಟೇ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಓಣಿಯ ನಳ ಗೆರೆಯ ಆಚೆ ಬಿದ್ದರೆ, ಆ ಗೆರೆ ಎಳೆದವರು ಊರು ನೋಡಿಲ್ಲ ಎಂದೇ ಅರ್ಥ. ಬಿದಿರಿನ ಬ್ಯಾರಿಕೇಡ್ ಕಟ್ಟುವ ಮುಂಚೆ ತಹಶೀಲ್ದಾರ, ಆರೋಗ್ಯ ಕೇಂದ್ರದ ವೈದ್ಯರು, ಪಿಡಿಒ ಮೂವರೂ ಓಣಿ ಸುತ್ತಿ ನಳ, ಗಿರಣಿ, ಕಿರಾಣಿ, ಔಷಧ ಅಂಗಡಿ ಎಲ್ಲಿವೆ ಎಂದು ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಅರ್ಧ ದಿನದ ಕೆಲಸ.

ಔಷಧ ಸಿಂಪಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರ್ಯಾಕ್ಟರಿನ ಪಂಪಿನಿಂದ ರಸ್ತೆಗೆ ಹೊಡೆದದ್ದು ನೋಡಲಿಕ್ಕೆ ಚೆಂದ. ಧೂಳು, ಮಣ್ಣು ಸೇರಿದೊಡನೆ ಕ್ಲೋರಿನ್ ಸತ್ತ ಹಾಗೆ. ಜನರ ಮೈಮೇಲೆ ಹೊಡೆಯಬಾರದೆಂದು ಆರೋಗ್ಯ ಸಚಿವಾಲಯವೇ 2020ರ ಏಪ್ರಿಲ್‌ನಲ್ಲಿ ಹೇಳಿತ್ತು. ಉಪಯೋಗ ಇರುವುದು ಬಾಗಿಲ ಚಿಲಕ, ನಳದ ತಿರುಪು, ಶೌಚಾಲಯದ ನೆಲದಂಥ ಕಡೆ ಶೇ 1ರ ದ್ರಾವಣಕ್ಕೆ. ಶೇ 33 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 30 ಗ್ರಾಂ, ನೀರು 1 ಲೀಟರ್. ಅವತ್ತಿನದನ್ನು ಅವತ್ತೇ ಮುಗಿಸಬೇಕು. ಪಂಚಾಯ್ತಿ ಮೂಲೆಯಲ್ಲಿ ಬಾಯಿ ತೆರೆದು ಬಿದ್ದ ಚೀಲದ ಪುಡಿ ವಿಜಯಪುರದ ಬಿಸಿಲಿಗೆ ಬರೀ ಸುಣ್ಣವಾಗಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಚೆಲ್ಲಿಬಿಡಿ.

ಗಡಿ ಸರಿಯಿದ್ದು, ಕಾಲು ಸಾಕಷ್ಟಿದ್ದು, ಹಿಟ್ಟು ಬಂದರೂ ಸೀಲ್‌ಡೌನ್ ಸೋಲುವುದುಂಟು: ಜ್ವರವನ್ನು ಬಚ್ಚಿಟ್ಟಾಗ. ಇದಕ್ಕೆ ಹಳೆಯ ಸಾಕ್ಷಿ ನಮ್ಮ ಹತ್ತಿರದಲ್ಲೇ ಇದೆ. 1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಕಾಣಿಸಿದ ಮೇಲೆ 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ನಾಲ್ಕೇ ಕಲಮಿನದು, ಸರ್ಕಾರ ಏನು ಮಾಡಬಹುದು ಎಂದಿತ್ತು, ಜನರಿಗೆ ಏನು ಕೊಡಬೇಕು ಎಂದಿರಲಿಲ್ಲ. ಬೆಳಗಾವಿ, ವಿಜಾಪುರ ಆಗ ಮುಂಬೈ ಪ್ರಾಂತ್ಯದವು, ಅದೇ ಕಾಯ್ದೆ ಇಲ್ಲಿಗೂ. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದ. ಜನ ರೋಗಿಗಳನ್ನು ಬಚ್ಚಿಟ್ಟರು, ಸಿಟ್ಟು ಏರಿ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಅವನಿಗೆ ಗುಂಡಿಟ್ಟರು. 2020ರಲ್ಲಿ ಗುಂಡಿನ ಮಾತಿಲ್ಲ, ಆದರೆ ಕೈಗೆ ಮುದ್ರೆ, ಬಾಗಿಲಿಗೆ ನೋಟಿಸು ಇದ್ದವು. ನೋಟಿಸು ಅಂಟಿದ ಮನೆಯ ಹಾಲನ್ನು ಡೇರಿಯಲ್ಲಿ ಯಾರು ಹಾಕಿಸಿಕೊಳ್ಳುತ್ತಾರೆ ಎಂಬ ಹೆದರಿಕೆ ಸಾಕು, ಮುಂದಿನ ಮನೆಯವರು ಥರ್ಮಾಮೀಟರ್ ಹಿಡಿದವಳಿಗೆ ‘ಎಲ್ಲಾರೂ ಆರಾಮ ಅದೀವಿ’ ಎನ್ನಲು. ಸಮರ್ಥ ಪ್ರಾಧಿಕಾರದ ಆದೇಶವಿಲ್ಲದೆ ಹಾಗೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳುವಾಗ 2020ರ ಡಿಸೆಂಬರ್ ಆಗಿತ್ತು.

ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಮಾಡಿದ್ದು ಸೀಲ್‌ಡೌನ್‌ಗೆ ತೀರ ಉಲ್ಟಾ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡುತ್ತಿದ್ದರು, ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು. ಅದು ಸರಿಯಾಗಿಯೇ ಇತ್ತು. ಗಡ್ಡೆ ಪ್ಲೇಗ್ ದಾಟುವುದು ಇಲಿಯ ಮೈಮೇಲಿನ ಚಿಗಟದಿಂದ. ಸೋಂಕು ಇರುವುದು ಮನೆಯಲ್ಲಿ, ಆದ್ದರಿಂದ ಮನೆ ಬಿಡಬೇಕು. ಕೊರೊನಾದಲ್ಲಿ ಸೋಂಕು ಇರುವುದು ಮನುಷ್ಯನ ಉಸಿರಲ್ಲಿ. ಹೊರಟವನು ಹೊತ್ತುಕೊಂಡೇ ಹೋಗುತ್ತಾನೆ. ವಾಂತಿಭೇದಿಯಾದರೆ ಮುಚ್ಚಬೇಕಾದದ್ದು ರಸ್ತೆಯಲ್ಲ, ಪೈಪು: ಚರಂಡಿಯೊಳಗೆ ಒಡೆದ ಜಾಗ ಹುಡುಕಿ, ಟ್ಯಾಂಕಿನ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಿ, ಒಂದು ಗಂಟೆ ಬಿಟ್ಟು ಕೊನೆಯ ಮನೆಯ ನಳದಲ್ಲಿ ಕ್ಲೋರಿನ್ ಉಳಿದಿದೆಯೇ ನೋಡಬೇಕು. ಡೆಂಗಿಗೆ ಬ್ಯಾರಿಕೇಡ್ ಕಟ್ಟಿದರೆ ಸೊಳ್ಳೆ ಅದರ ಮೇಲೆಯೇ ಕೂರುತ್ತದೆ.

ರಾಜ್ಯದ ಗಡಿಯ ಕಥೆಯೂ ಇದೇ. ನಿಪ್ಪಾಣಿ ಕಡೆಯ ಕೊಗನೊಳ್ಳಿ, ಸೊಲ್ಲಾಪುರ ದಾರಿಯ ಧೂಳಖೇಡ ಚೆಕ್‌ಪೋಸ್ಟ್‌ಗಳಲ್ಲಿ ಮಹಾರಾಷ್ಟ್ರದಿಂದ ಬರುವವರನ್ನು ತಡೆದರು. ಗುಳೆ ಹೋದವರು ಊರಿಗೆ ಮರಳುವ ದಾರಿ ಅದೇ. ಕಾಗವಾಡ, ಅಥಣಿಯವರು ಹೃದಯ, ಕಿಡ್ನಿ ತೋರಿಸಲು ಮಿರಜಕ್ಕೆ ಹೋಗುವ ದಾರಿಯೂ ಇದೇ ರಾಜ್ಯದ ಗಡಿ ದಾಟುತ್ತದೆ. ಜಿಲ್ಲಾಡಳಿತದ ನಕ್ಷೆಯಲ್ಲಿ ಮಿರಜ ಬೇರೆ ರಾಜ್ಯ, ರೋಗಿಯ ನಕ್ಷೆಯಲ್ಲಿ ಅದು ಹತ್ತಿರದ ದೊಡ್ಡಾಸ್ಪತ್ರೆ. ಚೆಕ್‌ಪೋಸ್ಟ್‌ನಲ್ಲಿ ರೋಗಿಗಳಿಗೆ ಬೇರೆ ಸಾಲು, ಬೇರೆ ಪುಸ್ತಕ ಇಡುವುದು ಸಣ್ಣ ಆದೇಶ. ಇಲ್ಲದಿದ್ದರೆ ಕೊರೊನಾ ಇಲ್ಲದವರೂ ಕೊರೊನಾ ಕಾಲದಲ್ಲಿ ಸಾಯುತ್ತಾರೆ, ಯಾವ ಬುಲೆಟಿನ್‌ನಲ್ಲೂ ಬರದೆ.

ಇನ್ನು ತೆಗೆಯುವುದು. ಮೊದಲ ನಿಯಮದಲ್ಲಿ ಕೊನೆಯ ಪ್ರಕರಣದ ನಂತರ 28 ದಿನ ಹೊಸದು ಬರಬಾರದೆಂದಿತ್ತು. ಸೋಂಕು ತಗುಲಿ ಲಕ್ಷಣ ಬರಲು ಹೆಚ್ಚೆಂದರೆ 14 ದಿನ, ಅದರ ಎರಡು ಪಟ್ಟು. 20ನೇ ದಿನ ಹೊಸ ಕೇಸು ಸಿಕ್ಕರೆ ಲೆಕ್ಕ ಮತ್ತೆ ಒಂದರಿಂದ. ಎಣಿಕೆ ಬ್ಯಾರಿಕೇಡ್ ಕಟ್ಟಿದ ದಿನದಿಂದ ಅಲ್ಲ, ಆ ತಪ್ಪು ಬಹಳ ಕಡೆ ಆಗುತ್ತದೆ. ಬಿದಿರು ಬಿಚ್ಚುವ ಮುನ್ನ ಕಾರ್ಯಕರ್ತೆಯ ಪುಸ್ತಕದಲ್ಲಿ ಒಂದು ಕಾಲಂ ನೋಡಬೇಕು, ಪಲ್ಸ್ ಪೋಲಿಯೊದಲ್ಲಿ ಬಾಗಿಲಿಗೆ ‘ಎಕ್ಸ್’ ಬರೆಯುವ ಮನೆಗಳಂಥವು: ಬೀಗ ಹಾಕಿದ ಮನೆ. ಬೀಗ ಬಿದ್ದ ಮಾತ್ರಕ್ಕೆ ಮನೆ ಖಾಲಿ ಎಂದಲ್ಲ. ಬಿದಿರು ಕಟ್ಟುವ ಹಿಂದಿನ ರಾತ್ರಿ ಆ ಮನೆಯವರು ತೋಟಕ್ಕೆ ಹೋಗಿರುತ್ತಾರೆ. ತೋಟದ ಮನೆಗೆ ಹೋಗಿ ಅವರೆಲ್ಲರನ್ನೂ ನೋಡಿ ಬರುವವರೆಗೆ ಆ ಊರಿನ 28 ದಿನ ಮುಗಿದಿಲ್ಲ.