ಇಯರ್‌ಪ್ಲಗ್ ಕೊಟ್ಟರೆ ಮುಗಿಯಿತೇ? 90 ಡೆಸಿಬೆಲ್ ಮಿತಿಯ ಹಿನ್ನೆಲೆ

1886ರಲ್ಲಿ ಗ್ಲಾಸ್ಗೋದ ಕಿವಿ ವೈದ್ಯ ಥಾಮಸ್ ಬಾರ್ ಬಾಯ್ಲರ್ ತಯಾರಿಸುವ 100 ಕಾರ್ಮಿಕರನ್ನು ಪರೀಕ್ಷಿಸಿದರು. ಒಬ್ಬರಿಗೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಂದರೆ ಕಾರಣ ಆಗಲೇ ತಿಳಿದಿತ್ತು. ಆದರೂ ಅಮೆರಿಕದ ಒಕ್ಕೂಟ ಸರ್ಕಾರ ಶಬ್ದಕ್ಕೆ ಮಿತಿ ಹಾಕಿದ್ದು 1969ರಲ್ಲಿ, ಅದೂ 8 ಗಂಟೆಗೆ 90 ಡೆಸಿಬೆಲ್.

ಈ 90ರ ಮಿತಿ ಕಿವಿಯ ಲೆಕ್ಕಕ್ಕಿಂತ ಕಾರ್ಖಾನೆಯ ಖರ್ಚಿನ ಲೆಕ್ಕಕ್ಕೇ ಹೆಚ್ಚು ಹೊಂದುತ್ತದೆ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆಯನ್ನು ಅಧ್ಯಯನ ಮಾಡುವ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ನಿಯೋಷ್ 1972ರಲ್ಲೇ ಮಿತಿ 85 ಇರಬೇಕು ಎಂದಿತ್ತು. 40 ವರ್ಷ 90ರಲ್ಲಿ ದುಡಿದರೆ ನೂರರಲ್ಲಿ 25 ಮಂದಿಗೆ, 85ರಲ್ಲಾದರೆ 8 ಮಂದಿಗೆ ಶ್ರವಣದೋಷ ಎಂಬುದು ಅದರ 1998ರ ಅಂದಾಜು. ನಮ್ಮ ಕಾರ್ಖಾನೆ ನಿಯಮಗಳಲ್ಲೂ 90 ಇದೆ. ಅವುಗಳ ಪ್ರಕಾರ 100 ಡೆಸಿಬೆಲ್‌ನಲ್ಲಿ ದಿನಕ್ಕೆ 2 ಗಂಟೆ ಕೆಲಸ ಮಾಡಬಹುದು. ನಿಯೋಷ್ ಲೆಕ್ಕದಲ್ಲಿ ಅದೇ ಶಬ್ದಕ್ಕೆ ಬರೀ 15 ನಿಮಿಷ. ನಮ್ಮ ಕಾರ್ಖಾನೆ ಕಾಯ್ದೆಯ 1987ರ ತಿದ್ದುಪಡಿ ಶಬ್ದದಿಂದಾಗುವ ಕಿವುಡನ್ನು ವೈದ್ಯರು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಯಂತ್ರದ ಸದ್ದು ತಗ್ಗಿಸುವುದು ಮೊದಲು, ಪ್ಲಗ್ ಕೊನೆಗೆ ಎಂಬ ಕ್ರಮ ಅಮೆರಿಕದಲ್ಲಿ ತಿರುಗುಮುರುಗಾದದ್ದು 1983ರಲ್ಲಿ. ಶಬ್ದ 100ಕ್ಕಿಂತ ಕಡಿಮೆಯಿದ್ದು, ಪ್ಲಗ್ ಅಗ್ಗವಾಗಿ ಕೆಲಸ ಮಾಡುತ್ತಿದ್ದರೆ, ಯಂತ್ರದ ಸದ್ದು ತಗ್ಗಿಸದ ಮಾಲೀಕರ ಮೇಲೆ ಕ್ರಮ ಬೇಡ ಎಂದು ಸುರಕ್ಷತಾ ಇಲಾಖೆ ಇನ್‌ಸ್ಪೆಕ್ಟರ್‌ಗಳಿಗೆ ಸೂಚಿಸಿತು. 2010ರಲ್ಲಿ ಇದನ್ನು ಬದಲಿಸಲು ಹೊರಟು, ಮೂರೇ ತಿಂಗಳಲ್ಲಿ ಕೈಬಿಟ್ಟಿತು.

ಅಗ್ಗದ್ದು ನಿಜ, ಕೆಲಸ ಮಾಡುತ್ತದೆಯೇ? ಪ್ಲಗ್ ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ, ಉದಾಹರಣೆಗೆ 29 ಎಂಬ, ಅಂಕಿ ಪ್ರಯೋಗಾಲಯದ್ದು. ಅದರಲ್ಲಿ 7 ಕಳೆದು ಅರ್ಧ ಮಾಡಿದರೆ ಉಳಿಯುವ 11 ಡೆಸಿಬೆಲ್ ಶಾಪ್‌ಫ್ಲೋರ್‌ಗೆ ಹತ್ತಿರದ ಅಂದಾಜು. ಇನ್ನು ತೆಗೆದಿಟ್ಟ ಹೊತ್ತಿನ ನಷ್ಟ ಬೇರೆ. 30 ಡೆಸಿಬೆಲ್ ತಡೆಯುವ ಪ್ಲಗ್ ಅನ್ನು 8 ಗಂಟೆಯ ಶಿಫ್ಟಿನಲ್ಲಿ, ಯಂತ್ರ ಓಡುತ್ತಿರುವಾಗಲೇ ಅರ್ಧ ಗಂಟೆ ತೆಗೆದರೆ ದಿನದ ಲೆಕ್ಕದಲ್ಲಿ ಸಿಗುವ ರಕ್ಷಣೆ ಸುಮಾರು 12ಕ್ಕೆ ಇಳಿಯುತ್ತದೆ.

ತೆಗೆಯುವುದು ಸೋಮಾರಿತನದಿಂದಲ್ಲ. 92 ಡೆಸಿಬೆಲ್ ಇರುವ ಕಡೆ ಅತಿ ಹೆಚ್ಚು ತಡೆಯುವ ಪ್ಲಗ್ ಕೊಟ್ಟರೆ ಪಕ್ಕದವರ ಕೂಗು, ಫೋರ್ಕ್‌ಲಿಫ್ಟ್ ಹಾರ್ನ್ ಕೇಳಿಸದು. ಆಗ ಅರ್ಧ ಹೊರಗೆಳೆದು ಓಡಾಡುತ್ತಾರೆ. ಕಿವಿಯೊಳಗೆ 75ರಿಂದ 80 ಉಳಿಯುವಂಥದ್ದನ್ನು ಆರಿಸಿದರೆ ಸಾಕು. ಫೋಮ್ ಪ್ಲಗ್ ಆದರೆ ಒಣಗಿದ ಶುದ್ಧ ಕೈಯಲ್ಲಿ ಮಡಿಕೆ ಬೀಳದಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಬೇಕು. ಉಬ್ಬುವವರೆಗೆ 20ರಿಂದ 30 ಸೆಕೆಂಡ್ ಒತ್ತಿ ಹಿಡಿಯಬೇಕು. ಬಳಿಕ ಎರಡೂ ಕಿವಿಗೆ ಅಂಗೈ ಮುಚ್ಚಿ ನೋಡಿ: ಸದ್ದು ಇನ್ನಷ್ಟು ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ.